ಮೊಣಗಂಟಿನೊಳಗಿನ ಹರಳು

ಕುಳಿತವರು ಏಳಹೊರಟಾಗ ಮೊಣಕಾಲು ಅರ್ಧದಲ್ಲೇ ನಿಂತುಬಿಡುತ್ತದೆ. ಮಡಚಲೂ ಆಗದು, ನೀಡಲೂ ಆಗದು. ಗೋಡೆ ಹಿಡಿದು ಅತ್ತಿತ್ತ ಅಲುಗಿಸಿದರೆ ಒಳಗೆ ಏನೋ ಸರಿದಂತಾಗಿ, ಟಕ್ಕೆಂದು ಕಾಲು ಬಿಡುಗಡೆಯಾಗುತ್ತದೆ. ಮರುದಿನ ಮಂಡಿ ತುಸು ಊದಿಕೊಂಡಿರುತ್ತದೆ, ವಾರದಲ್ಲಿ ಇಳಿಯುತ್ತದೆ, ತಿಂಗಳೆರಡು ಬಿಟ್ಟು ಮತ್ತೆ ಬರುತ್ತದೆ. ನಮ್ಮ ತುಳುನಾಡಿನಲ್ಲಿ ಇದನ್ನೆಲ್ಲ ಒಟ್ಟು ಸೇರಿಸಿ 'ಮೊರಂಪು ಬೇನೆ' ಅಂದುಬಿಡುತ್ತೇವೆ. ಕಾರಣ ಕೇಳಿದರೆ ವಾಯು, ಇಲ್ಲವೇ ಸವೆತ, ಇಲ್ಲವೇ ಎಂದೋ ಬಿದ್ದ ಪೆಟ್ಟು. ಹೆಚ್ಚಿನವರ ವಿಷಯದಲ್ಲಿ ಈ ಮೂರರಲ್ಲೊಂದು ಸರಿಯೂ ಇರುತ್ತದೆ. ಆದರೆ ಎಲ್ಲೋ ಒಬ್ಬರ ಮಂಡಿಯೊಳಗೆ, ಇರಬಾರದ ಜಾಗದಲ್ಲಿ ಹೊಸ ಮೃದ್ವಸ್ಥಿ ಹುಟ್ಟಿ, ಹರಳುಗಳಾಗಿ ಕಳಚಿಕೊಂಡು ಓಡಾಡುತ್ತಿರುತ್ತದೆ. ಅದು ಕ್ಯಾನ್ಸರ್ ಅಲ್ಲ, ಸಾಮಾನ್ಯವಾಗಿ ಜೀವಕ್ಕೆ ಎರವಾಗುವುದೂ ಇಲ್ಲ. ಹಾಗೆಂದು ಬಿಟ್ಟುಬಿಟ್ಟರೆ ಕೀಲನ್ನೇ ತಿಂದುಹಾಕುತ್ತದೆ.

ತೋಡಾರಿನಲ್ಲಿ ನಿಂತು ನೋಡಿದರೆ ಮೊಣಕಾಲು ಎಂಥ ಆಸ್ತಿ ಎಂದು ತಿಳಿಯುತ್ತದೆ. ಮಂಗಳೂರಿನಿಂದ ಬರುವ 169ನೇ ರಾಷ್ಟ್ರೀಯ ಹೆದ್ದಾರಿ ಗಂಜಿಮಠ, ಎಡಪದವು, ಮಿಜಾರು ದಾಟಿ ಇಲ್ಲಿಗೆ ಬಂದು ಮೂಡುಬಿದಿರೆಯತ್ತ ಸಾಗುತ್ತದೆ. ಒಂದು ಮಗ್ಗುಲಿಗೆ ಬಂಟ್ವಾಳ, ಇನ್ನೊಂದು ಮಗ್ಗುಲಿಗೆ ಬೆಳ್ತಂಗಡಿ. ಈ ಮೂರೂ ತಾಲೂಕುಗಳ ದುಡಿಮೆ, ಆಟ, ಆರಾಧನೆ ಎಲ್ಲವೂ ಮಂಡಿಯ ಬಲದ ಮೇಲೆ ನಿಂತಿವೆ. ಕಾಲಿಗೆ ತಳೆ ಹಾಕಿ ಅಡಿಕೆ ಮರ ಏರುವವರು ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಒಂದೇ ದಿನ ಅದೆಷ್ಟು ಸಲ ಹತ್ತಿಳಿಯುತ್ತಾರೋ. ಬೀಡಿ ಕಟ್ಟುವ ಹೆಂಗಸರು ತಡ್ಪೆಯನ್ನು ಮಡಿಲಲ್ಲಿಟ್ಟುಕೊಂಡು ಕಾಲು ಮಡಚಿ ನೆಲದ ಮೇಲೆ ದಿನವಿಡೀ ಕೂರುತ್ತಾರೆ. ನಮಾಜಿಗೆ ಬಾಗುವುದು, ಇಗರ್ಜಿಯಲ್ಲಿ ಮೊಣಕಾಲೂರುವುದು, ದೇವಸ್ಥಾನದ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಉಣ್ಣುವುದು ಎಲ್ಲಕ್ಕೂ ಪೂರ್ತಿ ಮಡಚುವ ಮಂಡಿ ಬೇಕು. ಮೂಡುಬಿದಿರೆ ಕಡಲಕೆರೆಯಲ್ಲಿ ಕೋಟಿ-ಚೆನ್ನಯ, ಬಂಟ್ವಾಳದ ಹೊಕ್ಕಾಡಿಗೋಳಿಯಲ್ಲಿ ವೀರ-ವಿಕ್ರಮ, ಬೆಳ್ತಂಗಡಿಯ ವೇಣೂರು-ಪೆರ್ಮುಡದಲ್ಲಿ ಸೂರ್ಯ-ಚಂದ್ರ ಹೀಗೆ ಮೂರೂ ತಾಲೂಕುಗಳಿಗೆ ಜೋಡುಕರೆ ಕಂಬಳವಿದೆ. ತೋಡಾರಿನ ನೆರೆಯ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರ ಫೆಬ್ರುವರಿಯಲ್ಲಿ ಐಕಳದ ಕರೆಯಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶವೆಲ್ಲ ಮಾತಾಡಿದ ಸುದ್ದಿ. ಕೆಸರಿನಲ್ಲಿ ಆ ವೇಗಕ್ಕೆ ಹೆಜ್ಜೆ ಕಿತ್ತಿಡುವಾಗ ಮಂಡಿಯ ಮೇಲೆ ಬೀಳುವ ಭಾರ ಸಣ್ಣದಲ್ಲ.

ಯಕ್ಷಗಾನದವರ ಮಾತು ಬೇರೆಯಾಗಿಯೇ ಹೇಳಬೇಕು. ತೆಂಕುತಿಟ್ಟಿನ ಪುಂಡುವೇಷಧಾರಿ ದಿಗಿಣ ಹಾರಿ ಹಾರಿ ಇಳಿಯುವುದು ಮಣ್ಣಿನ ಮೇಲೋ ಹಲಗೆಯ ಮೇಲೋ, ಅದೂ ರಾತ್ರಿಯ ಮೇಲೆ ರಾತ್ರಿ. ಕಾಲು ನೋಯುತ್ತದೆ ಎಂದು ಮೇಳ ಬಿಟ್ಟು ಕೂರುವಂತಿಲ್ಲ, ಸಂಬಳ ತಿರುಗಾಟಕ್ಕೆ. ಹಾಗಾಗಿ ನೋವಿನ ಲೆಕ್ಕವೆಲ್ಲ ಪತ್ತನಾಜೆಗೆ ಮುಂದೂಡಲ್ಪಡುತ್ತದೆ. ಮೇ ತಿಂಗಳ ಕೊನೆಗೆ ಗೆಜ್ಜೆ ಬಿಚ್ಚಿದ ಮೇಲೆ ಡಾಕ್ಟರಿಗೆ ತೋರಿಸೋಣ ಅನ್ನುತ್ತಾರೆ. ಅಷ್ಟರಲ್ಲಿ ಮಳೆ, ಗದ್ದೆ ಕೆಲಸ, ಮಕ್ಕಳ ಶಾಲೆ. ಬಿಡುವು ಸಿಕ್ಕಿದ ತಿಂಗಳಲ್ಲಿ ನೋವೂ ಕಡಿಮೆಯಾಗಿರುತ್ತದೆ, ಡಾಕ್ಟರ ನೆನಪೂ ಹೋಗಿರುತ್ತದೆ. ಹರಳಿನ ಈ ಕಾಯಿಲೆ ಶುರುವಾಗಿ ಅದರ ಹೆಸರು ಗೊತ್ತಾಗುವಷ್ಟರಲ್ಲಿ ವರ್ಷಗಳೇ ಉರುಳಿರುವುದು ಎಲ್ಲ ದೇಶಗಳ ವೈದ್ಯರೂ ಕಂಡ ಸಂಗತಿ. ನಮ್ಮಲ್ಲಿ ಅದಕ್ಕೆ ಈ ಊರಿನದೇ ಕಾರಣಗಳು ಸೇರಿಕೊಳ್ಳುತ್ತವೆ.

ಪೊರೆ ಮರೆತ ಕೆಲಸ

ಕೀಲಿನಲ್ಲಿ ಎಲುಬಿನ ತುದಿಗಳನ್ನು ಹೊದೆದಿರುವ ನುಣುಪಾದ ಬಿಳಿ ಪದರವೇ ಮೃದ್ವಸ್ಥಿ. ಅದರಲ್ಲಿ ರಕ್ತನಾಳವಿಲ್ಲ, ನರವೂ ಇಲ್ಲ. ಕೀಲನ್ನು ಒಳಗಿನಿಂದ ಸುತ್ತುವರಿದ ಸೈನೋವಿಯಂ ಎಂಬ ತೆಳು ಪೊರೆ ಒಂದು ಅಂಟುದ್ರವವನ್ನು ಸುರಿಸುತ್ತದೆ. ಜಾರಿಕೆಗೂ ಅದೇ, ಮೃದ್ವಸ್ಥಿಯ ಊಟಕ್ಕೂ ಅದೇ. ಪೊರೆಯ ಮುಖ್ಯ ಕೆಲಸ ದ್ರವ ಸುರಿಸುವುದು. ಸೈನೋವಿಯಲ್ ಕಾಂಡ್ರೊಮಟೋಸಿಸ್ ಎಂಬ ಕಾಯಿಲೆಯಲ್ಲಿ ಆ ಪೊರೆಯೇ ತನ್ನ ಕೆಲಸ ಮರೆತು ಮೃದ್ವಸ್ಥಿಯನ್ನು ತಯಾರಿಸತೊಡಗುತ್ತದೆ. ಪೊರೆಯ ಮೇಲೆ ಸಣ್ಣ ಸಣ್ಣ ಗುಬಟುಗಳೇಳುತ್ತವೆ. ಅವು ದೊಡ್ಡದಾಗಿ, ತೊಟ್ಟು ತೆಳ್ಳಗಾಗಿ, ಕಳಚಿ ಕೀಲಿನ ದ್ರವಕ್ಕೆ ಬೀಳುತ್ತವೆ. ಶಸ್ತ್ರಚಿಕಿತ್ಸೆಯಲ್ಲಿ ತೆರೆದಾಗ ಬೆಂದ ಸಬ್ಬಕ್ಕಿ ಚೆಲ್ಲಿದಂತೆ ಹೊಳೆಯುವ ಬಿಳಿ ಕಾಳುಗಳು.

ನನಗೆ ಇದರಲ್ಲಿ ಅತ್ಯಂತ ವಿಸ್ಮಯದ್ದೆನಿಸುವುದು ಮುಂದಿನ ಸಂಗತಿ. ಕಳಚಿಕೊಂಡ ತುಂಡು ಸಾಯುವುದಿಲ್ಲ. ಮೃದ್ವಸ್ಥಿಗೆ ಹೇಗೂ ರಕ್ತದ ಹಂಗಿಲ್ಲವಲ್ಲ. ದ್ರವದಲ್ಲಿ ತೇಲುತ್ತಲೇ ಅದು ಊಟ ಹೀರಿಕೊಂಡು ಪದರ ಪದರವಾಗಿ ಬೆಳೆಯುತ್ತದೆ. ಕೆಲವು ಮತ್ತೆ ಎಲ್ಲೋ ಪೊರೆಗೆ ಅಂಟಿ, ರಕ್ತನಾಳ ಸಂಪಾದಿಸಿಕೊಂಡು, ಒಳಗೆ ಸುಣ್ಣ ಕೂಡಿ ನಿಜವಾದ ಎಲುಬಿನ ಹರಳುಗಳೇ ಆಗುತ್ತವೆ. ಬೆರಳೆಣಿಕೆಯಷ್ಟೂ ಇರಬಹುದು, ನೂರಾರೂ ಇರಬಹುದು. ಒಂದೆರಡು ಮಿಲಿಮೀಟರಿನಿಂದ ಹಿಡಿದು ಸೆಂಟಿಮೀಟರುಗಳವರೆಗೂ ಗಾತ್ರವಿರುತ್ತದೆ. ಎಲುಬು ಎಲುಬಿನ ನಡುವೆ ಇಂಥದೊಂದು ಸಿಕ್ಕಿಕೊಂಡಾಗಲೇ ಕಾಲು ಅರ್ಧದಲ್ಲಿ ನಿಲ್ಲುವುದು.

ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಗಂಡಸರಲ್ಲಿ ಹೆಂಗಸರ ಎರಡರಷ್ಟು, ಮೂವತ್ತರಿಂದ ಐವತ್ತರ ವಯಸ್ಸಿನಲ್ಲಿ ಹೆಚ್ಚು, ಸಾಮಾನ್ಯವಾಗಿ ಒಂದೇ ಕೀಲಿಗೆ. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಆ ಕೀಲು ಮೊಣಕಾಲು. ಉಳಿದವರಲ್ಲಿ ಸೊಂಟ, ಮೊಣಕೈ, ಭುಜ. ಗಮನಿಸಿ, ದುಡಿಮೆಯ ವಯಸ್ಸು. 1977ರಲ್ಲಿ ಮಿಲ್‌ಗ್ರಾಂ ಎಂಬ ವೈದ್ಯರು ಇದನ್ನು ಮೂರು ಹಂತಗಳಾಗಿ ವಿಂಗಡಿಸಿದರು. ಮೊದಲಲ್ಲಿ ಪೊರೆ ಕೆರಳಿದೆ, ಹರಳು ಕಳಚಿಲ್ಲ. ನಡುವಿನದರಲ್ಲಿ ಎರಡೂ ಇವೆ. ಕೊನೆಯದರಲ್ಲಿ ಪೊರೆ ತಣ್ಣಗಾಗಿದೆ, ಹರಳುಗಳು ಮಾತ್ರ ಓಡಾಡುತ್ತಿವೆ. ಯಾವ ಹಂತ ಎಂಬುದರ ಮೇಲೆ ಚಿಕಿತ್ಸೆಯೂ ಬದಲಾಗುತ್ತದೆ.

ಪೆಟ್ಟು ಬಿದ್ದದ್ದರಿಂದ ಇದು ಬರುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಸವೆದ ಅಥವಾ ಮುರಿದ ಕೀಲಿನಿಂದ ಮೃದ್ವಸ್ಥಿಯ ಚೂರು ಕಳಚಿ ಬೆಳೆಯುವುದುಂಟು. ಅದು ಬೇರೆ ಬಗೆ, ಅಲ್ಲಿ ಹರಳುಗಳು ಕಡಿಮೆ, ಒಂದೊಂದೂ ಒಂದೊಂದು ಗಾತ್ರ. ಇಲ್ಲಿ ಹೇಳುತ್ತಿರುವ ಮೂಲ ಕಾಯಿಲೆಯಲ್ಲಿ ಹರಳುಗಳು ಬಹಳ, ಹೆಚ್ಚುಕಡಿಮೆ ಒಂದೇ ಅಳತೆಯವು. ಅದಕ್ಕೆ ಪೆಟ್ಟು ಕಾರಣವಲ್ಲ. ಇತ್ತೀಚಿನ ವರ್ಷಗಳಲ್ಲಿ ಅನೇಕ ರೋಗಿಗಳ ಗುಬಟುಗಳ ಜೀವಕೋಶಗಳಲ್ಲಿ ಎಫ್‌ಎನ್1 ಮತ್ತು ಎಸಿವಿಆರ್2ಎ ಎಂಬ ಎರಡು ಜೀನುಗಳು ತಪ್ಪಾಗಿ ಬೆಸೆದುಕೊಂಡಿರುವುದು ಪತ್ತೆಯಾಗಿದೆ. ಕೆರಳಿಕೆಯಿಂದಾದ ಬರೀ ಊತ ಎಂದು ಬಹಳ ಕಾಲ ಭಾವಿಸಿದ್ದು ನಿಜದಲ್ಲಿ ಒಂದು ಗಡ್ಡೆ. 2020ರ ವರ್ಗೀಕರಣದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನಡುವಿನ ಗುಂಪಿಗೆ ಸೇರಿಸಿತು: ಮೈಯೆಲ್ಲ ಹಬ್ಬುವುದಿಲ್ಲ, ಇದ್ದ ಜಾಗವನ್ನು ಕೆಡಿಸುತ್ತದೆ. ಆದ್ದರಿಂದ 'ಕಂಬಳ ಓಡಿ ಬಂತು', 'ಬೀಡಿ ಕಟ್ಟಿ ಬಂತು' ಎಂದು ಯಾರೂ ತಮ್ಮನ್ನು ಹಳಿದುಕೊಳ್ಳಬೇಕಿಲ್ಲ. ದುಡಿಮೆ ನೋವನ್ನು ಹೆಚ್ಚಿಸುತ್ತದೆ, ಕಾಯಿಲೆಯನ್ನು ಹುಟ್ಟಿಸುವುದಿಲ್ಲ.

ಕಣ್ಣಿಗೆ ಬೀಳುವ ಬಗೆ

ಮಂಡಿಯಲ್ಲಿ ಹರಳು ಸಿಗುತ್ತದೆ ಎಂಬುದು ಹಳೆಯ ಅರಿವು. ಫ್ರಾನ್ಸಿನ ಆಂಬ್ರೋಯ್ಸ್ ಪಾರೆ 1558ರಲ್ಲೇ ರೋಗಿಯೊಬ್ಬನ ಮೊಣಕಾಲಿನಿಂದ ಇಂಥದೊಂದನ್ನು ತೆಗೆದ. 1900ರಲ್ಲಿ ಜರ್ಮನಿಯ ರೈಖೆಲ್ ಪೊರೆಯ ಕಾಯಿಲೆಯನ್ನು ಸವಿವರವಾಗಿ ಬರೆದ. ನಡುವೆ 1895ರಲ್ಲಿ ಎಕ್ಸ್‌ರೇ ಬಂದಿತ್ತು. ಕೊಯ್ಯದೆ ನೋಡುವ ದಾರಿ ತೆರೆದದ್ದು ಆಗ.

ಇಂದಿಗೂ ಮೊದಲ ಹೆಜ್ಜೆ ಎಕ್ಸ್‌ರೇಯೇ, ಮೂಡುಬಿದಿರೆಯಲ್ಲೇ ಆಗುವ ಕೆಲಸ. ಕೀಲಿನ ಸುತ್ತ ಉಂಗುರ ಉಂಗುರವಾಗಿ ಸುಣ್ಣದ ಚುಕ್ಕೆಗಳು ಹರಡಿದ್ದು, ಎಲುಬುಗಳ ನಡುವಿನ ಅಂತರ ಇನ್ನೂ ಚೆನ್ನಾಗಿಯೇ ಇದ್ದರೆ ಅನುಭವಿ ವೈದ್ಯರಿಗೆ ಹೆಸರು ಹೊಳೆಯುತ್ತದೆ. ಸವೆತದ ಮಂಡಿಯಲ್ಲಾದರೆ ಆ ಅಂತರ ಕಿರಿದಾಗಿರುತ್ತದೆ. ಆದರೆ ಎಕ್ಸ್‌ರೇ ಸರಿ ಇದೆ ಎಂದು ಮನೆಗೆ ಹೋಗಿ ಸುಮ್ಮನಾಗುವುದು ಅಪಾಯ. ಸುಣ್ಣ ಕೂರದ ಹರಳು ಅದರಲ್ಲಿ ಕಾಣುವುದೇ ಇಲ್ಲ. ಮೊದಲ ಹಂತದ ಕಾಯಿಲೆ ಪೂರ್ತಿ ಅಡಗಿರಬಹುದು. ಕಾಲು ಸಿಕ್ಕಿಕೊಳ್ಳುವುದು, ಊತ ಹೋಗಿ ಬರುವುದು ಮುಂದುವರಿದರೆ ಎಂಆರ್‌ಐ ಬೇಕು. ಅದು ಪೊರೆಯ ದಪ್ಪವನ್ನೂ ಸುಣ್ಣವಿಲ್ಲದ ಗುಬಟನ್ನೂ ತೋರಿಸುತ್ತದೆ, ಎಲುಬಿನೊಳಗೆ ನುಗ್ಗಿದೆಯೇ ಎಂಬುದನ್ನೂ ಹೇಳುತ್ತದೆ.

ತಪ್ಪು ದಾರಿಗೆ ಎಳೆಯುವ ಚಿತ್ರಗಳೂ ಇವೆ. ಮಂಡಿಯ ಹಿಂಭಾಗದ ಸ್ನಾಯುವಿನಲ್ಲಿ ಫ್ಯಾಬೆಲ್ಲಾ ಎಂಬ ಪುಟ್ಟ ಎಲುಬು ಕೆಲವರಿಗೆ ಸಹಜವಾಗಿಯೇ ಇರುತ್ತದೆ, ಏಷ್ಯಾದವರಲ್ಲಿ ಇನ್ನೂ ಹೆಚ್ಚು. ಎಕ್ಸ್‌ರೇಯಲ್ಲಿ ಅದು ಕಳಚಿ ಬಿದ್ದ ಹರಳಿನಂತೆಯೇ ತೋರುತ್ತದೆ. ಹೆಚ್ಚಿನವರ ಕಾಲಿನಿಂದ ಅದನ್ನು ತೆಗೆಯುವ ಅಗತ್ಯವಿಲ್ಲ. ಇನ್ನೊಂದು, ನಮ್ಮ ದೇಶದಲ್ಲಿ ಮರೆಯಲೇಬಾರದ್ದು, ಕ್ಷಯ. ಮೊಣಕಾಲಿನ ಕ್ಷಯದಲ್ಲಿ ಕೀಲಿನೊಳಗೆ ಅಕ್ಕಿಕಾಳಿನಾಕಾರದ ಬಿಳಿ ತುಣುಕುಗಳು ತುಂಬಿಕೊಳ್ಳುವುದುಂಟು, ಸಂಧಿವಾತದಲ್ಲೂ ಹಾಗೆಯೇ. ಅವು ಮೃದ್ವಸ್ಥಿಯಲ್ಲ, ಹೆಪ್ಪುಗಟ್ಟಿದ ನಾರಿನ ಪದಾರ್ಥ. ಕ್ಷಯಕ್ಕೆ ಚಿಕಿತ್ಸೆ ತಿಂಗಳುಗಟ್ಟಲೆಯ ಮಾತ್ರೆ, ಹರಳಿನ ಕಾಯಿಲೆಗೆ ಶಸ್ತ್ರಚಿಕಿತ್ಸೆ. ಮಂಡಿಯಿಂದ ನೀರು ತೆಗೆದವರು ಅದನ್ನು ಚೆಲ್ಲದೆ ಪರೀಕ್ಷೆಗೆ ಕಳಿಸಬೇಕೆಂದು ರೋಗಿಯ ಕಡೆಯವರು ಕೇಳಬೇಕಾದದ್ದು ಇದಕ್ಕಾಗಿ.

ಎಣ್ಣೆಯ ವಿಚಾರ ಹೇಳದೆ ಮುಂದೆ ಹೋಗಲಾರೆ. ಬಿಸಿ ಎಣ್ಣೆ ತಿಕ್ಕುವುದರಿಂದ, ಶಾಖ ಕೊಡುವುದರಿಂದ ಬಿಗಿದ ಸ್ನಾಯು ಸಡಿಲಾಗಿ ನೋವಿಳಿಯುತ್ತದೆ. ಅದನ್ನು ಅಲ್ಲಗಳೆಯುವವನಲ್ಲ ನಾನು. ಸಿಕ್ಕಿಕೊಂಡ ಮಂಡಿಯನ್ನು ಜಗ್ಗಿ, ತಿರುಚಿ 'ಕೂರಿಸುವ' ಪ್ರಯತ್ನ ಮಾತ್ರ ಬೇಡವೇ ಬೇಡ. ಒಳಗೆ ಹರಳಿದ್ದರೆ ಆ ಎಳೆತದಲ್ಲಿ ಅದು ನುಣುಪಾದ ಮೃದ್ವಸ್ಥಿಯನ್ನು ಗೀರಿಬಿಡುತ್ತದೆ, ಗೀರಿದ ಮೃದ್ವಸ್ಥಿ ಮೊದಲಿನಂತೆ ಕೂಡಿಕೊಳ್ಳುವುದಿಲ್ಲ. ಪದೇ ಪದೇ ಸಿಕ್ಕಿಕೊಳ್ಳುವ ಮಂಡಿಗೆ ತಿಕ್ಕುವ ಕೈಗಿಂತ ಮೊದಲು ಒಂದು ಚಿತ್ರ ಬೇಕು.

ಸೂಕ್ಷ್ಮದರ್ಶಕ ಒಂದೇ ಸಾಕಾಗದಾಗ

ಗಡ್ಡೆ ಎಂದಾಕ್ಷಣ 'ತುಂಡು ತೆಗೆದು ಪರೀಕ್ಷೆಗೆ ಕಳಿಸಿ, ಉತ್ತರ ಬರುತ್ತದೆ' ಎಂದು ನಂಬಿದ್ದೇವೆ. ಮೃದ್ವಸ್ಥಿಯ ಗಡ್ಡೆಗಳಲ್ಲಿ ಈ ನಂಬಿಕೆಯೇ ಕೆಲವೊಮ್ಮೆ ಕಾಲು ಕಳೆಯುವಷ್ಟು ದೂರ ಒಯ್ಯಬಲ್ಲದು. ಸೈನೋವಿಯಲ್ ಕಾಂಡ್ರೊಮಟೋಸಿಸ್‌ನ ಗುಬಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಕೋಶಗಳು ಗುಂಪು ಗುಂಪಾಗಿ, ಉಬ್ಬಿಕೊಂಡು, ಕೆಲವೆಡೆ ಒಂದು ಕೋಶಕ್ಕೆ ಎರಡು ನ್ಯೂಕ್ಲಿಯಸ್‌ಗಳೊಂದಿಗೆ ಕೂತಿರುತ್ತವೆ. ಇದೇ ನೋಟ ಎಲುಬಿನ ಒಳಗಿನ ಗಡ್ಡೆಯಲ್ಲಿ ಸಿಕ್ಕಿದ್ದರೆ ಕಾಂಡ್ರೊಸಾರ್ಕೋಮಾ, ಅಂದರೆ ಮೃದ್ವಸ್ಥಿಯ ಕ್ಯಾನ್ಸರ್, ಎಂದು ಬರೆಯಬೇಕಾಗುತ್ತಿತ್ತು. ತುಂಡು ಬಂದದ್ದು ಪೊರೆಯಿಂದ, ಕೀಲಿನೊಳಗಿನಿಂದ ಎಂದು ಗೊತ್ತಿದ್ದರೆ ಮಾತ್ರ ಪೆಥಾಲಜಿಸ್ಟ್ ನೆಮ್ಮದಿಯಿಂದ 'ಕ್ಯಾನ್ಸರ್ ಅಲ್ಲ' ಎನ್ನಬಲ್ಲರು. 'ಮೊಣಕಾಲು, ಗಡ್ಡೆ' ಎಂಬ ಎರಡೇ ಪದ ಬರೆದ ಚೀಟಿಯೊಂದಿಗೆ ಬಾಟಲಿ ಪ್ರಯೋಗಾಲಯಕ್ಕೆ ಹೋದರೆ ತಪ್ಪಾಗುವ ಸಾಧ್ಯತೆ ನಿಜವಾಗಿಯೂ ಇದೆ.

ತಲೆಕೆಳಗಾಗಿಯೂ ತಪ್ಪಬಹುದು. ಈ ಕಾಯಿಲೆ ಕ್ಯಾನ್ಸರಿಗೆ ತಿರುಗುವುದು ಅಪರೂಪ, ವರದಿಯಾದ ಗುಂಪುಗಳಲ್ಲಿ ನೂರಕ್ಕೆ 5 ಅಥವಾ ಅದಕ್ಕೂ ಕಡಿಮೆ. ಆದರೂ ತಿರುಗುತ್ತದೆ. ಕೋಶಗಳು ಗುಂಪು ಬಿಟ್ಟು ಹಾಳೆಯಂತೆ ಹರಡಿವೆಯೇ, ನಡುವಿನ ಪದಾರ್ಥ ಲೋಳೆಯಾಗಿದೆಯೇ, ಸತ್ತ ಭಾಗಗಳಿವೆಯೇ, ಎಲುಬಿನ ಮಜ್ಜೆಯೊಳಗೆ ನುಗ್ಗಿದೆಯೇ ಎಂದು ಹುಡುಕಬೇಕು. ಕೊನೆಯ ಪ್ರಶ್ನೆಗೆ ಉತ್ತರವಿರುವುದು ಎಂಆರ್‌ಐಯಲ್ಲಿ. ಎಷ್ಟು ವೇಗವಾಗಿ ಬೆಳೆಯಿತು, ತೆಗೆದ ಮೇಲೆ ಎಷ್ಟು ಸಲ ಮರಳಿತು ಎಂಬುದು ರೋಗಿಯ ಬಾಯಲ್ಲಿದೆ. ಮೂಳೆವೈದ್ಯ, ರೇಡಿಯಾಲಜಿಸ್ಟ್, ಪೆಥಾಲಜಿಸ್ಟ್ ಮೂವರೂ ಒಂದೇ ಚಿತ್ರದ ಮುಂದೆ ಕೂರದೆ ಎಲುಬಿನ ಗಡ್ಡೆಗೆ ಹೆಸರಿಡಬಾರದು ಎಂಬುದು ಈ ಕ್ಷೇತ್ರದ ಹಿರಿಯ, ನ್ಯೂಯಾರ್ಕಿನ ಹೆನ್ರಿ ಜಾಫೆ ಕಾಲದಿಂದ ಬಂದ ಪಾಠ. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದೂ ಮುಖ್ಯವಾಗಿ ಇದೇ. ಕತ್ತರಿ ಹಾಕುವ ಮೊದಲು ಹೆಸರು ಗೊತ್ತಾಗಲಿ, ಮೂವರು ಕೂತು ಇಟ್ಟ ಹೆಸರಾಗಲಿ.

ಎಲುಬು-ಕೀಲಿನ ಕಾಯಿಲೆಗೆ ಹೆಸರಿಲ್ಲದಾಗ ಏನಾಗುತ್ತದೆ ಎಂಬುದನ್ನು ಕರ್ನಾಟಕ ಒಮ್ಮೆ ಕಂಡಿದೆ. ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1975ರ ಹೊತ್ತಿಗೆ ಸೊಂಟ, ಮಂಡಿ ನೋವಿನಿಂದ ನಡೆಯಲಾರದ ಮನೆಮಂದಿಯ ಸುದ್ದಿ ಹೊರಬಂತು. ನರಳಿದವರು ಹೆಚ್ಚಾಗಿ ಬಡ ದಲಿತ ಕುಟುಂಬದವರು. ಅಪೌಷ್ಟಿಕತೆಯೇ, ಗದ್ದೆಗೆ ಹೊಡೆದ ಕೀಟನಾಶಕವೇ ಎಂದು ಸಂಶಯಗಳು ಓಡಾಡಿದವು. ವಂಶವಾಹಿಯಲ್ಲಿ ಬರುವ ಎಲುಬಿನ ಬೆಳವಣಿಗೆಯ ದೋಷ ಎಂದು ತಿಳಿದದ್ದು ಎಕ್ಸ್‌ರೇಗಳನ್ನೂ ಮನೆತನದ ವಿವರಗಳನ್ನೂ ಜೊತೆಗಿಟ್ಟು ನೋಡಿದ ಮೇಲೆ. ಅದು ಗಡ್ಡೆಯ ಕಾಯಿಲೆಯಲ್ಲ, ನಮ್ಮ ವಿಷಯಕ್ಕೆ ದೂರದ್ದು. ಆದರೆ ಆ ಮನೆಗಳವರು ಹೆಸರಿಗಾಗಿ ಕಾದ ವರ್ಷಗಳು ಮರೆಯುವಂಥವಲ್ಲ.

ಎಳೆಯರ ಮಂಡಿ

ಮೂಡುಬಿದಿರೆ ಓದುವ ಮಕ್ಕಳ ಊರು, ಆಡುವ ಮಕ್ಕಳ ಊರು. ಓಟ, ಕಬಡ್ಡಿ, ಮಲ್ಲಕಂಬ ಎಲ್ಲಕ್ಕೂ ಇಲ್ಲಿ ಹಾಸ್ಟೆಲುಗಳಲ್ಲಿದ್ದು ತಯಾರಾಗುವವರಿದ್ದಾರೆ. ಹದಿನಾರರ ಹುಡುಗನೊಬ್ಬ ಮಂಡಿ ನೋವು ಎಂದರೆ ಆಟದ ಪೆಟ್ಟು ಎಂದೇ ಎಲ್ಲರೂ ಭಾವಿಸುತ್ತಾರೆ. ಪಟ್ಟಿ ಕಟ್ಟಿ ಎರಡು ವಾರ ವಿಶ್ರಾಂತಿ. ಆಡದಿದ್ದರೂ ನೋವು ಬಿಡದೆ, ರಾತ್ರಿಯೂ ಎಚ್ಚರಿಸಿ, ತೊಡೆಯ ಸ್ನಾಯು ಸೊರಗತೊಡಗಿದರೆ ಆ ಭಾವನೆಯನ್ನು ಬದಿಗಿಡಬೇಕು. ಎಳೆಯರ ಎಲುಬಿನ ತುತ್ತತುದಿಯಲ್ಲಿ, ಕೀಲಿಗೆ ತಾಗಿಕೊಂಡೇ ಹುಟ್ಟುವ ಕಾಂಡ್ರೊಬ್ಲಾಸ್ಟೋಮಾ ಎಂಬ ಗಡ್ಡೆಯಿದೆ. ಎಲುಬಿನ ಗಡ್ಡೆಗಳಲ್ಲಿ ನೂರಕ್ಕೊಂದರಷ್ಟು ಮಾತ್ರ. ಅದರ ಇಷ್ಟದ ತಾಣಗಳಲ್ಲಿ ತೊಡೆಯೆಲುಬಿನ ಕೆಳತುದಿ, ಕಣಕಾಲೆಲುಬಿನ ಮೇಲ್ತುದಿ ಎರಡೂ ಸೇರಿವೆ, ಅಂದರೆ ಮೊಣಕಾಲಿನ ಎರಡೂ ಬದಿ. ಗಡ್ಡೆ ಚಿಕ್ಕದು, ಸುತ್ತಲಿನ ಊತ ದೊಡ್ಡದು. ಎಂಆರ್‌ಐಯಲ್ಲಿ ಆ ಊತ ನೋಡಿ ಕೀವೋ ಕ್ಯಾನ್ಸರೋ ಎಂದು ಗಾಬರಿಯಾಗುವುದುಂಟು. ಎಕ್ಸ್‌ರೇಯಲ್ಲಿ ಗಡ್ಡೆಯ ಸುತ್ತ ತೆಳುವಾದ ಬಿಳಿ ಅಂಚು ಕಂಡರೆ ಮನಸ್ಸು ಹಗುರಾಗುತ್ತದೆ.

ಈ ಗಡ್ಡೆಯನ್ನು 1931ರಲ್ಲಿ ವಿವರಿಸಿದವರು ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್. ಅವರು ಕಂಡದ್ದು ಭುಜದಲ್ಲಿ. ಜಾಫೆ ಮತ್ತು ಲಿಕ್ಟನ್‌ಸ್ಟೈನ್ 1942ರಲ್ಲಿ ಅದಕ್ಕೆ ಈಗಿನ ಹೆಸರಿಟ್ಟು, ಕ್ಯಾನ್ಸರ್ ಅಲ್ಲ ಎಂದು ಬೇರ್ಪಡಿಸಿದರು. ಕಾಡ್‌ಮನ್ ಬಗ್ಗೆ ನನಗೆ ಗಡ್ಡೆಗಿಂತ ಹೆಚ್ಚಿನ ಗೌರವ ಬೇರೊಂದು ಕಾರಣಕ್ಕೆ. ಚಿಕಿತ್ಸೆ ಕೊಟ್ಟ ಪ್ರತಿ ರೋಗಿ ಮುಂದೆ ಏನಾದ ಎಂದು ಆಸ್ಪತ್ರೆ ಹುಡುಕಿ ಬರೆದಿಡಬೇಕು, ತಪ್ಪನ್ನೂ ಬರೆದಿಡಬೇಕು ಎಂದು ಅವರು ಹಟ ಹಿಡಿದರು. ಅದಕ್ಕಾಗಿ ಸಹೋದ್ಯೋಗಿಗಳ ಸಿಟ್ಟಿಗೂ ಗುರಿಯಾದರು. 1920ರ ಹೊತ್ತಿಗೆ ಅಮೆರಿಕದ ಎಲುಬಿನ ಕ್ಯಾನ್ಸರ್‌ಗಳಿಗಾಗಿ ಒಂದು ನೋಂದಣಿ ಪುಸ್ತಕವನ್ನೇ ಆರಂಭಿಸಿದರು. ಲಕ್ಷಕ್ಕೊಬ್ಬರ ಕಾಯಿಲೆಯನ್ನು ಒಬ್ಬ ಶಸ್ತ್ರವೈದ್ಯ ತನ್ನ ವೃತ್ತಿಯಲ್ಲಿ ನೋಡುವುದೇ ಕೆಲವು ಸಲ. ಹತ್ತೂರಿನ ವೈದ್ಯರು ಕಂಡದ್ದು ಒಂದೆಡೆ ಸೇರಿದಾಗಲೇ ಅದರ ಸ್ವಭಾವ ತಿಳಿಯುವುದು. ಇಷ್ಟೊಂದು ಮೆಡಿಕಲ್ ಕಾಲೇಜುಗಳಿರುವ ನಮ್ಮ ಕರಾವಳಿಯಲ್ಲಿ ಇಂಥ ಅಪರೂಪದ ಎಲುಬಿನ ಗಡ್ಡೆಗಳಿಗೆ ಎಲ್ಲರೂ ಸೇರಿ ಇಟ್ಟ ಒಂದೇ ಪುಸ್ತಕ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಂದು ಕಾಂಡ್ರೊಬ್ಲಾಸ್ಟೋಮಾ ಗುರುತಿಸಲು ಇನ್ನೊಂದು ಆಸರೆ ಸಿಕ್ಕಿದೆ. 2013ರಲ್ಲಿ ಪ್ರಕಟವಾದ ಸಂಶೋಧನೆ ಈ ಗಡ್ಡೆಗಳಲ್ಲಿ ಬಹುಪಾಲಿನಲ್ಲಿ ಹಿಸ್ಟೋನ್ ಎಂಬ ಪ್ರೋಟೀನಿನ ಜೀನಿನಲ್ಲಿ ಒಂದೇ ಬಗೆಯ ಬದಲಾವಣೆ ಇರುವುದನ್ನು ತೋರಿಸಿತು. ಈಗ ಪೆಥಾಲಜಿಸ್ಟರು ಅದನ್ನು ಬಣ್ಣ ಹಾಕಿ ಪತ್ತೆಮಾಡಬಲ್ಲರು. ಚಿಕಿತ್ಸೆಯೆಂದರೆ ಗಡ್ಡೆಯನ್ನು ಕೆರೆದು ಪೂರ್ತಿ ತೆಗೆದು, ಉಳಿದ ಪೊಳ್ಳಿಗೆ ಸೊಂಟದೆಲುಬಿನ ಚೂರುಗಳನ್ನೋ ಬೋನ್ ಸಿಮೆಂಟನ್ನೋ ತುಂಬುವುದು. ಚಿಕ್ಕದಿದ್ದರೆ ಸೂಜಿಯ ಮೂಲಕ ರೇಡಿಯೋ ತರಂಗದ ಶಾಖದಿಂದ ಸುಡುವುದೂ ಇದೆ. ಎಚ್ಚರ ಬೇಕಾದದ್ದು ಬೆಳವಣಿಗೆಯ ತಟ್ಟೆಯ ಬಗ್ಗೆ. ಕಾಲಿನ ಉದ್ದದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬರುವುದು ಮೊಣಕಾಲಿನ ಆಚೀಚಿನ ಎರಡು ತಟ್ಟೆಗಳಿಂದ. ಅದಕ್ಕೆ ಗಾಯವಾದರೆ ಒಂದು ಕಾಲು ಗಿಡ್ಡವಾಗಬಹುದು. ಕಡಿಮೆ ಕೆರೆದರೆ ಗಡ್ಡೆ ಮರಳುತ್ತದೆ, ಹೆಚ್ಚು ಕೆರೆದರೆ ಕೀಲು ಕೆಡುತ್ತದೆ. ಎಲುಬಿನ ಗಡ್ಡೆಗಳಲ್ಲಿ ಪಳಗಿದ ಕೈಗೇ ಇದನ್ನು ಒಪ್ಪಿಸಬೇಕು.

ಮಿಕ್ಕ ಸಂಬಂಧಿ ಗಡ್ಡೆಗಳನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ಮಂಡಿಯ ಮೇಲ್ಗಡೆ ಕೈಗೆ ಗಟ್ಟಿಯಾಗಿ ತಾಗುವ ಆಸ್ಟಿಯೋಕಾಂಡ್ರೋಮಾ ಎಂಬ ಎಲುಬಿನ ಗುಬಟು ಅಪರೂಪದ್ದೇನಲ್ಲ, ನೋವಿಲ್ಲದಿದ್ದರೆ ಮುಟ್ಟಬೇಕಿಲ್ಲ. ಬೆಳೆದು ನಿಂತವರಲ್ಲಿ ಅದು ಮತ್ತೆ ಬೆಳೆಯತೊಡಗಿದರೆ, ಅದರ ಮೃದ್ವಸ್ಥಿಯ ಟೊಪ್ಪಿ 2 ಸೆಂಟಿಮೀಟರಿಗಿಂತ ದಪ್ಪವಾದರೆ ತೋರಿಸಬೇಕು. ಮಂಡಿಚಿಪ್ಪಿನ ಕೆಳಗಿನ ಕೊಬ್ಬಿನ ಮೆತ್ತೆಯಲ್ಲಿ ಒಂಟಿಯಾಗಿ ಬೆಳೆಯುವ ಕಾಂಡ್ರೋಮಾ ಎಂಬ ಮೃದ್ವಸ್ಥಿಯ ಗಡ್ಡೆ ಬಲು ವಿರಳ. ಇಡಿಯಾಗಿ ತೆಗೆದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು.

ತೆಗೆಯುವುದು, ಆಮೇಲಿನದು

ಹರಳಿನ ಮಂಡಿಗೆ ಮಾತ್ರೆಯಿಲ್ಲ. ನೋವಿನ ಗುಳಿಗೆ ನೋವಿಗಷ್ಟೇ. ಬೇರೇನೋ ಕಾಯಿಲೆಗಾಗಿ ತೆಗೆಸಿದ ಎಕ್ಸ್‌ರೇಯಲ್ಲಿ ಅಕಸ್ಮಾತ್ತಾಗಿ ಕಂಡು, ತೊಂದರೆ ಕೊಡದಿದ್ದರೆ ನೋಡುತ್ತ ಇರಬಹುದು. ಕಾಲು ಸಿಕ್ಕಿಕೊಳ್ಳುತ್ತಿದ್ದರೆ ತೆಗೆಯಲೇಬೇಕು. ಟೋಕಿಯೋದಲ್ಲಿ ಕೆಂಜಿ ತಕಾಗಿ 1918ರಲ್ಲಿ ಮೂತ್ರಕೋಶ ನೋಡುವ ಕೊಳವೆಯನ್ನೇ ಮೊಣಕಾಲಿಗಿಳಿಸಿ ಇಣುಕಿದರು. ಅವರ ಶಿಷ್ಯ ಮಸಾಕಿ ವತನಬೆ ಅದನ್ನು ಕೆಲಸ ಮಾಡುವ ಉಪಕರಣವಾಗಿ ಬೆಳೆಸಿದರು. ಅದೇ ಆರ್ತ್ರೋಸ್ಕೋಪಿ ಇಂದು ಮಂಗಳೂರಿನ ದಿನನಿತ್ಯದ ಶಸ್ತ್ರಚಿಕಿತ್ಸೆ. ಸುಮಾರು 4 ಮಿಲಿಮೀಟರ್ ದಪ್ಪದ ಕ್ಯಾಮೆರಾ ಕೊಳವೆ ಒಂದು ತೂತಿನಿಂದ, ಇಕ್ಕಳ ಇನ್ನೊಂದರಿಂದ; ಕೀಲಿನೊಳಗೆ ಸಲೈನ್ ಹರಿಯುತ್ತಿರುತ್ತದೆ. ಹರಳುಗಳನ್ನು ಒಂದೊಂದಾಗಿ ಹೆಕ್ಕಿ, ಕೆರಳಿದ ಪೊರೆಯನ್ನು ಕೆರೆದು ತೆಗೆಯುತ್ತಾರೆ. ಪೊರೆ ತಣ್ಣಗಾದ ಕೊನೆಯ ಹಂತದಲ್ಲಿ ಅದನ್ನು ಕೆರೆಯಬೇಕೇ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ.

ಎಷ್ಟೋ ಹರಳುಗಳು ಅಡಗುವುದು ಮಂಡಿಯ ಹಿಂಬದಿಯಲ್ಲಿ, ರಕ್ತನಾಳ ಮತ್ತು ನರಗಳ ಪಕ್ಕದಲ್ಲೇ. ಮುಂದಿನ ತೂತುಗಳಿಂದ ಮಾತ್ರ ನೋಡಿದರೆ ಅವು ಉಳಿದುಬಿಡುತ್ತವೆ, ವರ್ಷದ ಮೇಲೆ ಕಾಯಿಲೆ 'ಮರಳಿತು' ಎನ್ನಿಸುತ್ತದೆ. ಹಿಂದಿನಿಂದಲೂ ದಾರಿ ಮಾಡಿಕೊಳ್ಳಬೇಕು. ಕೆಲವರಿಗೆ ಅಲ್ಲಿ ತೆರೆದ ಶಸ್ತ್ರಚಿಕಿತ್ಸೆಯೇ ಬೇಕು. 'ಹಿಂಬದಿಯನ್ನೂ ನೋಡುತ್ತೀರಾ?' ಎಂದು ರೋಗಿ ವೈದ್ಯರನ್ನು ಕೇಳುವುದು ಉದ್ಧಟತನವಲ್ಲ. ಮರಳಿ ಬರುವ ಪ್ರಮಾಣ ಬೇರೆ ಬೇರೆ ವರದಿಗಳಲ್ಲಿ ನೂರಕ್ಕೆ 3ರಿಂದ 23ರವರೆಗೆ ಇದೆ. ಅಷ್ಟು ಅಂತರವಿರುವುದಕ್ಕೆ ಹಂತ, ವಿಧಾನ, ಎಷ್ಟು ವರ್ಷ ಬೆನ್ನುಹತ್ತಿ ನೋಡಿದರು ಎಂಬುದೆಲ್ಲ ಕಾರಣ. ಕೀಲು ಆಗಲೇ ಸವೆದುಹೋಗಿದ್ದ ಹಿರಿಯರಿಗೆ ಮಂಡಿ ಬದಲಿಯೇ ಉಳಿಯುವ ದಾರಿ. ಬದಲಿ ಮಂಡಿಯಲ್ಲಿ ನಡೆಯಬಹುದು. ಮೊದಲಿನಂತೆ ನೆಲದ ಮೇಲೆ ಕೂತು ಬೀಡಿ ಕಟ್ಟುವುದಾಗಲಿ, ಮರ ಏರುವುದಾಗಲಿ ಹೆಚ್ಚಿನವರಿಗೆ ಆಗುವುದಿಲ್ಲ. ಹರಳುಗಳು ಗೀರುವ ಮೊದಲೇ ತೆಗೆಸಿಕೊಳ್ಳಿ ಎಂದು ಒತ್ತಿ ಹೇಳುವುದು ಈ ಕಾರಣಕ್ಕೆ.

ಆರ್ತ್ರೋಸ್ಕೋಪಿಯ ಮರುದಿನವೇ ನಡೆಸುತ್ತಾರೆ. ಕಷ್ಟದ ಭಾಗ ಆಮೇಲಿನ ವಾರಗಳದು: ತೊಡೆಯ ಸ್ನಾಯುವಿಗೆ ಬಲ ತುಂಬುವುದು, ಮಂಡಿ ಬಿಗಿಯದಂತೆ ದಿನವೂ ಮಡಚಿ ನೀಡುವುದು. ಕಲಾವಿದರಿಗೆ ಜೂನ್ ಆರಂಭದ ಶಸ್ತ್ರಚಿಕಿತ್ಸೆ ಅನುಕೂಲ. ಮೇಳ ಹೊರಡುವವರೆಗೆ ತಿಂಗಳುಗಳ ಸಮಯ ಸಿಗುತ್ತದೆ. ವ್ಯಾಯಾಮ ಬಿಟ್ಟುಬಿಟ್ಟು ಬಿಗಿದ ಕಾಲಿನೊಂದಿಗೆ ಬರುವವರು, ಹರಳು ಮರಳಿ ಬರುವವರಷ್ಟೇ ಕಷ್ಟಪಡುತ್ತಾರೆ.

ತೋಡಾರಿನಿಂದ ಈ ಚಿಕಿತ್ಸೆ ದೂರವಿಲ್ಲ. ಮೂಡುಬಿದಿರೆಯಲ್ಲಿ ಸಮುದಾಯ ಆರೋಗ್ಯ ಕೇಂದ್ರವಿದೆ, ಖಾಸಗಿ ಆಸ್ಪತ್ರೆಗಳಿವೆ. ಬಸ್ಸು ಹತ್ತಿದರೆ ಮಂಗಳೂರಿನಲ್ಲಿ 1848ರಿಂದ ಇರುವ ಸರ್ಕಾರಿ ವೆನ್ಲಾಕ್, 1880ರಲ್ಲಿ ಆರಂಭವಾದ ಫಾದರ್ ಮುಲ್ಲರ್, ಕೆಎಂಸಿ. ಆಚೆ ದೇರಳಕಟ್ಟೆಯಲ್ಲಿ ಇನ್ನಷ್ಟು ಮೆಡಿಕಲ್ ಕಾಲೇಜುಗಳು. ಕ್ಯಾನ್ಸರಿನ ಸಂಶಯ ಗಟ್ಟಿಯಾದರೆ ಬೆಂಗಳೂರಿನ ಕಿದ್ವಾಯಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದ ಮಿತಿಯೊಳಗೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುವುದರಿಂದ ಮೊದಲು ಅಲ್ಲಿಗೆ ಹೋಗುವುದು ಒಳ್ಳೆಯದು.

ಆಸ್ಪತ್ರೆ ಬಿಡುವಾಗ ಬಿಲ್ಲಿನೊಂದಿಗೆ ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಪೆಥಾಲಜಿ ವರದಿ, ಎಂಆರ್‌ಐ ಸಿಡಿ ಕೇಳಿ ಪಡೆಯಿರಿ, ಮಳೆಗಾಲದ ತೇವ ತಾಗದ ಕಡೆ ಇಡಿ. ಹಳೆಯ ಎಕ್ಸ್‌ರೇ ಎಸೆಯಬೇಡಿ. ಐದು ವರ್ಷದ ಮೇಲೆ ಹೊಸ ಚುಕ್ಕೆಯೊಂದು ಕಂಡರೆ ಅದು ಆಗಲೂ ಇತ್ತೇ ಎಂದು ಹೇಳಬಲ್ಲದ್ದು ಅದೊಂದೇ. ತೆಗೆದ ತುಂಡನ್ನು ಮೇಣದ ಬ್ಲಾಕಿನಲ್ಲಿ ಹುದುಗಿಸಿ ಪ್ರಯೋಗಾಲಯ ಇಟ್ಟುಕೊಂಡಿರುತ್ತದೆ. ವರದಿಯಲ್ಲಿ ಕ್ಯಾನ್ಸರ್ ಎಂಬ ಮಾತಿದ್ದು, ಇನ್ನೊಬ್ಬರ ಅಭಿಪ್ರಾಯ ಬೇಕೆನಿಸಿದರೆ, ಆ ಬ್ಲಾಕನ್ನೋ ಸ್ಲೈಡುಗಳನ್ನೋ ಅರ್ಜಿ ಕೊಟ್ಟು ಕೇಳಬಹುದು. ಎರಡನೆಯ ಪೆಥಾಲಜಿಸ್ಟರ ಬಳಿಗೆ ಅವುಗಳ ಜೊತೆ ಎಕ್ಸ್‌ರೇ, ಎಂಆರ್‌ಐ ಎರಡೂ ಹೋಗಬೇಕು.